ಐಸಿ ಬದಲಾಯಿಸೋಕೆ ಮುಂಚೆ ಅದರ ಕಾಲು ಅಳೀರಿ: ರಿಪೇರಿ ಪ್ರಶ್ನೋತ್ತರ

ಈ ತಿಂಗ್ಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಐಸಿ, ಅಂದ್ರೆ ಬೋರ್ಡ್ ಮೇಲೆ ಕೂರೋ ಚಿಪ್ಪು, ಅದರ ಬಗ್ಗೇನೇ ಇದ್ವು (ಅದರ ಪಿನ್ನಿಗೇ ಇಲ್ಲಿ ಕಾಲು ಅಂದಿದೀನಿ). ಯಾವ್ ಐಸಿ ಹೋಗಿದೆ ಅಂತ ಹೇಗೆ ಗೊತ್ತಾಗುತ್ತೆ, ಅದೇ ನಂಬರ್ ಸಿಗದಿದ್ರೆ ಏನ್ ಹಾಕೋದು, ಹಾಕಿದ್ರೂ ಯಾಕೆ ಮತ್ತೆ ಸುಡುತ್ತೆ, ಇದೇ ತರದ್ದು. ಅದಕ್ಕೆ ಈ ಸಲ ಬೇರೆ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಇವುಗಳಿಗೇ ಪುಟ ಕೊಟ್ಟಿದೀನಿ.

ಪ್ರಶ್ನೆ: ಸಾರ್, ನಮ್ಮೂರ ಗಣಪತಿ ಸಂಘದ ಹುಡುಗ್ರ ಹತ್ರ ಒಂದು ಹಳೇ ಆಂಪ್ಲಿಫೈಯರ್ ಇದೆ, 4440 ಐಸಿದು. ಹೋದ ವರ್ಷ ಸೌಂಡ್ ಒಡೀತಿದೆ ಅಂತ ಟ್ರಾನ್ಸ್‌ಫಾರ್ಮರ್ ಹೊಸದು ಹಾಕಿದ್ವಿ, 12-0-12ದು. ಅಲ್ಲಿಂದ ಈಚೆಗೆ ಮೂರು ಐಸಿ ಸುಟ್ಟೋಗಿದೆ. ಹಾಕಿ ಐದು ನಿಮಿಷ ಆಗೋದ್ರೊಳಗೆ ಮುಟ್ಟೋಕಾಗ್ದಷ್ಟು ಬಿಸಿ, ಗುಂಯ್ ಅಂತ ಶಬ್ದ, ಆಮೇಲೆ ಸೈಲೆಂಟು. ಅಂಗಡಿಯವ್ರು ಡೂಪ್ಲಿಕೇಟ್ ಐಸಿ ಕೊಡ್ತಿದಾರಾ?
(ಹಾಸನ ಜಿಲ್ಲೆಯ ಒಬ್ಬ ಓದುಗರು)

ಉತ್ತರ: ಡೂಪ್ಲಿಕೇಟ್ ವಿಷ್ಯಕ್ಕೆ ಆಮೇಲೆ ಬರ್ತೀನಿ. ಒಂದು ಐಸಿ ಸುಟ್ರೆ ಐಸಿ ಮೇಲೆ ಅನುಮಾನ ಪಡಬಹುದು, ಆದ್ರೆ ಒಂದೇ ಜಾಗದಲ್ಲಿ ಮೂರು ಸುಟ್ಟಿದೆ ಅಂದ್ರೆ ಆ ಜಾಗಕ್ಕೆ ಏನು ಬರ್ತಿದೆ ಅಂತ ನೋಡ್ಬೇಕು. ಟ್ರಾನ್ಸ್‌ಫಾರ್ಮರ್ ಬದಲಾಯಿಸಿದ ಮೇಲೆ ಶುರು ಆಗಿದ್ದು ಅಂತ ನೀವೇ ಬರ್ದಿದೀರಿ, ನನಗೆ ಅದೊಂದು ಮಾತೇ ಸಾಕಾಯ್ತು.

12-0-12ರಲ್ಲಿ ಮೂರು ವೈರ್ ಬರುತ್ತೆ. ಹಳೇ ಬೋರ್ಡಲ್ಲಿ ನಾಲ್ಕು ಡಯೋಡಿನ ಬ್ರಿಡ್ಜ್ ಇದ್ದು, ನೀವು ಮಧ್ಯದ ವೈರ್ ಬಿಟ್ಟು ಎರಡು ತುದಿ ವೈರನ್ನ ಆ ಬ್ರಿಡ್ಜಿಗೆ ಕೊಟ್ಟಿದ್ರೆ ಅಲ್ಲಿ 12 ಅಲ್ಲ, 24 ವೋಲ್ಟ್ ಎಸಿ ಸಿಗುತ್ತೆ. ಅದನ್ನ ಡಿಸಿ ಮಾಡ್ದಾಗ ಕೆಪಾಸಿಟರ್ ಮೇಲೆ ನಿಲ್ಲೋದು ಪೀಕ್ ವೋಲ್ಟೇಜು, ಅಂದ್ರೆ 24ನ್ನ 1.414ರಿಂದ ಗುಣಿಸಿ ಡಯೋಡಿನ ಒಂದೂವರೆ ಕಳೆದ್ರೆ ಹತ್ರಹತ್ರ 32 ವೋಲ್ಟು. ಎಲ್‌ಎ4440 ಅನ್ನೋದು 13.2 ವೋಲ್ಟಿಗೆ, ಅಂದ್ರೆ ಕಾರ್ ಬ್ಯಾಟರಿ ಲೆಕ್ಕಕ್ಕೆ ಮಾಡಿರೋ ಐಸಿ, ಕೆಲ್ಸ ಮಾಡ್ತಿರುವಾಗ ಅದಕ್ಕೆ 18 ವೋಲ್ಟ್ ದಾಟಬಾರದು. 32 ಕೊಟ್ರೆ ಜಪಾನಿನ ಅಸಲಿ ಐಸಿ ಹಾಕಿದ್ರೂ ಸುಡುತ್ತೆ.

ಹಾಗಾಗಿ ಈಗ ಮಾಡ್ಬೇಕಾಗಿದ್ದು ಇಷ್ಟು. ಐಸಿ ಹಾಕ್ದೇ ಖಾಲಿ ಬೋರ್ಡಿಗೆ ಕರೆಂಟ್ ಕೊಡಿ, ಮೀಟರನ್ನ ಡಿಸಿಗೆ ಇಟ್ಟು 11ನೇ ಕಾಲಿನ ತೂತಿಗೂ 14ನೇ ಕಾಲಿನ ತೂತಿಗೂ ಹಿಡೀರಿ, 11 ಪ್ಲಸ್ಸು 14 ಗ್ರೌಂಡು. ಅಲ್ಲಿ 18ರ ಮೇಲೆ ತೋರಿಸಿದ್ರೆ ಹೊಸ ಐಸಿನ ಪ್ಯಾಕೆಟ್ಟಿಂದ ತೆಗೀಲೇಬೇಡಿ. ಮಧ್ಯದ ವೈರನ್ನ ಗ್ರೌಂಡಿಗೆ ಹಾಕಿ, ತುದಿ ವೈರುಗಳಿಗೆ ಒಂದೊಂದು ಡಯೋಡ್ ಹಾಕಿ ಅವೆರಡನ್ನ ಸೇರಿಸಿದ್ರೆ 16 ಚಿಲ್ಲರೆ ಬರುತ್ತೆ, ಅದು ನಡಿಯುತ್ತೆ, ಆದ್ರೆ ಹಳ್ಳಿ ಲೈನಲ್ಲಿ ರಾತ್ರಿ ಪಂಪ್‌ಸೆಟ್ ಎಲ್ಲ ಆಫ್ ಆದ್ಮೇಲೆ ಕರೆಂಟು 250 ದಾಟೋದೂ ಉಂಟು, ಆಗ ಅದೇ 16 ಹೋಗಿ 18ರ ಹತ್ರ ಬಂದು ನಿಲ್ಲುತ್ತೆ. ನಿಮ್ಮೂರ ಕತೆ ಹಾಗಿದ್ರೆ 9-0-9 ಟ್ರಾನ್ಸ್‌ಫಾರ್ಮರ್, 3 ಆಂಪ್ಸಿಂದು, ಹಾಕ್ಬಿಡಿ. ಸೌಂಡ್ ಸ್ವಲ್ಪ ಕಮ್ಮಿ ಆಗುತ್ತೆ, ಐಸಿ ಉಳಿಯುತ್ತೆ.

ಸಪ್ಲೈ ಸರಿಹೋದ ಮೇಲೆ ಹೊಸ ಐಸಿ ಹಾಕಿ, ಸ್ಪೀಕರ್ ಸಿಕ್ಕಿಸ್ದೇ 10 ಮತ್ತು 12ನೇ ಕಾಲಲ್ಲಿ ವೋಲ್ಟೇಜ್ ನೋಡಿ. ಎರಡೂ ಔಟ್‌ಪುಟ್ ಕಾಲು, ಸಪ್ಲೈಯ ಅರ್ಧದಷ್ಟು ಇರ್ಬೇಕು, 14 ಕೊಟ್ರೆ 7ರ ಆಸುಪಾಸು. ಒಂದರಲ್ಲಿ 7, ಇನ್ನೊಂದರಲ್ಲಿ 1 ಅಂತ ಬಂದ್ರೆ ಆ ಕಡೆ ಕೆಪಾಸಿಟರ್‌ಗಳನ್ನ ಮೊದ್ಲು ನೋಡಿ, ಅವು ಸರಿ ಇದ್ರೆ ಮಾತ್ರ ಐಸಿ ಮೇಲೆ ತಪ್ಪು ಹೊರಿಸಿ. ಹೀಟ್ ಸಿಂಕಿಗೆ ಬಿಳೀ ಪೇಸ್ಟು ತೆಳ್ಳಗೆ ಸವರಿ ಸ್ಕ್ರೂ ಬಿಗಿ ಮಾಡಿ. ಇನ್ನೊಂದು ಮಾತು, ಪೆಂಡಾಲಲ್ಲಿ ಇರೋಬರೋ ಸ್ಪೀಕರೆಲ್ಲ ಒಂದೇ ವೈರಿಗೆ ಜೋಡಿಸೋ ಅಭ್ಯಾಸ ಇದೆಯಲ್ಲ, 4 ಓಮಿನ ಎರಡು ಸ್ಪೀಕರ್ ಪ್ಯಾರಲಲ್ ಹಾಕಿದ್ರೆ 2 ಓಮ್ ಆಗುತ್ತೆ, ಅದೂ ಐಸಿನ ಬೇಯಿಸುತ್ತೆ.

ಡೂಪ್ಲಿಕೇಟ್ ಇದೆ, ಖಂಡಿತ ಇದೆ. ಸ್ಯಾನ್ಯೋದ ಸೆಮಿಕಂಡಕ್ಟರ್ ವ್ಯವಹಾರ 2011ರಲ್ಲೇ ಆನ್ ಸೆಮಿಕಂಡಕ್ಟರ್ ಕೈಗೆ ಹೋಯ್ತು, ಆದ್ರೂ ಸ್ಯಾನ್ಯೋ ಮಾರ್ಕಿನ ಹೊಸಾ 4440 ಅಂತ ಅಂಗಡೀಲಿ ಕೈಗೆ ಕೊಟ್ರೆ ಒಂದು ಸಲ ಯೋಚ್ನೆ ಮಾಡಿ. ಹತ್ತಿಗೆ ಸ್ವಲ್ಪ ನೇಲ್ ಪಾಲಿಶ್ ರಿಮೂವರ್ ಹಚ್ಚಿ ನಂಬರ್ ಮೇಲೆ ಉಜ್ಜಿ, ಅಕ್ಷರದ ಜೊತೆ ಕಪ್ಪು ಬಣ್ಣವೂ ಎದ್ದು ಬಂದ್ರೆ ಹಳೇ ನಂಬರ್ ಕೆರೆದು ಹೊಸದು ಬರೆದಿರೋದು. ಕಾಲಿನ ತುದೀಲಿ ಮೊದ್ಲೇ ಬೆಸುಗೆ ಹತ್ತಿದ ಗುರುತಿದ್ರೆ ಅದು ಗುಜರಿ ಬೋರ್ಡಿಂದ ಕಿತ್ತಿದ್ದು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗಲೂ ನಾನು ಕೇಳೋದು ಒಂದೇ, "ಒರಿಜಿನಲ್ಲಾ, ಲೋಕಲ್ಲಾ, ಸರಿಯಾಗಿ ಹೇಳಿ ಕೊಡಿ" ಅಂತ. ಹಾಗೆ ನೇರ ಕೇಳಿದ್ರೆ ಸಾಮಾನ್ಯ ನಿಜಾನೇ ಹೇಳ್ತಾರೆ.

ಪ್ರಶ್ನೆ: ಸರ್, ನಮ್ಮ ಮನ್ಯಾಗಿನ ಸ್ಪ್ಲಿಟ್ ಎಸಿ ಒಳಗ ಗಾಳಿ ತಿರುಗ್ಸೋ ಫ್ಲಾಪ್ ತಿರುಗಾಕತ್ತಿಲ್ಲ, ರಿಲೇ ಟಕ್ ಅನ್ನೂದೂ ನಿಂತೈತಿ, ಹೊರಗಿನ ಯೂನಿಟ್ ಚಾಲೂನ ಆಗವಲ್ದು. ಬೋರ್ಡ್ ತಗದು ನೋಡಿದ್ರ 16 ಕಾಲಿಂದ ಒಂದ್ ಐಸಿ ಮ್ಯಾಲ ಸಣ್ಣ ಸುಟ್ಟ ಕಲೆ ಐತಿ. ಯುಎಲ್‌ಎನ್2003ಎಪಿಜಿ ಅಂತ ಬರದೈತಿ, ಕೆಳಗ 1432 ಅಂತ ಐತಿ. ಅಂಗಡ್ಯಾಗ ಎಪಿಜಿ ಇಲ್ಲ ಅಂದು ಯುಎಲ್‌ಎನ್2003ಎಎನ್ ಕೊಟ್ಟಾರ, ಅದರ ಮ್ಯಾಲ 1432 ಇಲ್ರಿ. ಹಾಕಬಹುದೇನು? ಸರ್ವಿಸ್‌ನವ್ರು ಇಡೀ ಬೋರ್ಡ ಬದಲಿ ಮಾಡ್ಬೇಕು ಅಂತಾರ.
(ಗದಗಿನ ಒಬ್ಬ ಓದುಗರು)

ಉತ್ತರ: ಧಾರಾಳವಾಗಿ ಹಾಕಿ. 1432 ಅನ್ನೋದು ಐಸಿ ನಂಬರೇ ಅಲ್ಲ, ಅದು ತಯಾರಾದ ದಿನದ ಗುರುತು, 2014ನೇ ಇಸ್ವಿಯ 32ನೇ ವಾರ. ಈ ನಾಲ್ಕಂಕಿ ತುಂಬಾ ಜನರನ್ನ ದಾರಿ ತಪ್ಪಿಸುತ್ತೆ, ಯಾಕಂದ್ರೆ 74ರಿಂದ ಶುರುವಾಗೋ ಐಸಿ ಸರಣಿಯಲ್ಲಿ 7432 ಅಂತ ನಿಜವಾದ ಐಸಿಯೇ ಇದೆ, ಹಳೇ ಬೋರ್ಡಲ್ಲಿ 1974ರ 32ನೇ ವಾರದ ಡೇಟ್ ಕೋಡ್ ನೋಡಿ ಅದನ್ನೇ ಐಸಿ ನಂಬರ್ ಅಂದ್ಕೊಂಡು ಹುಡುಕೋಕೆ ಹೋಗ್ಬಹುದು.

ಐಸಿ ಹೆಸರನ್ನ ಮೂರು ತುಂಡು ಮಾಡಿ ಓದ್ಬೇಕು. ಮುಂದಿನ ಅಕ್ಷರ ಸಾಮಾನ್ಯವಾಗಿ ಮೊದ್ಲು ಮಾಡಿದ ಕಂಪನಿಯ ಗುರುತು, ಎಲ್‌ಎಂ ಅಂದ್ರೆ ನ್ಯಾಷನಲ್, ಎಲ್‌ಎ ಅಂದ್ರೆ ಸ್ಯಾನ್ಯೋ, ಟಿಎ ಅಂದ್ರೆ ತೋಶಿಬಾ, ಕೆಎ ಅಂದ್ರೆ ಸ್ಯಾಮ್‌ಸಂಗ್, ಹೀಗೆ. ಮಧ್ಯದ ಅಂಕಿ ಅದು ಏನು ಕೆಲ್ಸ ಮಾಡುತ್ತೆ ಅಂತ ಹೇಳುತ್ತೆ, ಅದು ಮಾತ್ರ ಬದಲಾಗಬಾರದು. ಕೊನೇ ಅಕ್ಷರ ಮೈಕಟ್ಟು, ತಾಳಿಕೆ ಇಂಥದ್ದು. ನಿಮ್ಮ ಎಪಿಜಿ ತೋಶಿಬಾದ್ದು, ಅಂಗಡಿಯವ್ರು ಕೊಟ್ಟ ಎಎನ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರದ್ದು, ಎರಡೂ ಉದ್ದ ಕಾಲಿಂದು, ಎರಡರ ಒಳಗೂ ಏಳು ಡ್ರೈವರು (ರಿಲೇ, ಮೋಟಾರು ನಡೆಸೋ ಸ್ವಿಚ್ಚು), ಕಾಲಿನ ಕ್ರಮವೂ ಒಂದೇ. ಎಎನ್ ಬದ್ಲು ಎಡಿ ಅಂತ ಕೊಟ್ಟಿದ್ರೆ ವಾಪಸ್ ಮಾಡಿ, ಅದು ಬೋರ್ಡ್ ಮೇಲೇನೇ ಅಂಟೋ ಸಣ್ಣದು, ನಿಮ್ಮ ತೂತಿಗೆ ಕೂರಲ್ಲ. 2803 ಕೊಟ್ರೂ ಬೇಡ, ಅದರಲ್ಲಿ ಎಂಟು ಡ್ರೈವರು 18 ಕಾಲು. 2004ಕ್ಕೆ ಕಾಲು ಸರಿಯಾಗಿ ಹೊಂದುತ್ತೆ, ಆದ್ರೆ ಅದರ ಇನ್‌ಪುಟ್ ರೆಸಿಸ್ಟರ್ ಜಾಸ್ತಿ, 5 ವೋಲ್ಟ್ ಬೋರ್ಡಲ್ಲಿ ರಿಲೇ ಗಟ್ಟಿಯಾಗಿ ಹಿಡಿಯುತ್ತೆ ಅಂತ ನಂಬೋಕಾಗಲ್ಲ, ಅದೂ ಬೇಡ.

ಆದ್ರೆ ಹಾಕೋಕೆ ಮುಂಚೆ ಅದು ಯಾಕೆ ಸುಟ್ಟಿತು ಅಂತ ಹುಡುಕಿ. ಈ ಐಸಿ ಕೆಲ್ಸ ತುಂಬಾ ಸರಳ. 1ರಿಂದ 7ರವರೆಗೆ ಮೈಕ್ರೋ ಕಂಟ್ರೋಲರಿಂದ 5 ವೋಲ್ಟ್ ಬರುತ್ತೆ, ಅದರದ್ದೇ ಎದುರು ಸಾಲಿನ ಕಾಲು, 1ಕ್ಕೆ 16, 2ಕ್ಕೆ 15 ಹೀಗೆ, ರಿಲೇ ಕಾಯಿಲಿನ ಒಂದು ತುದಿಯನ್ನ ಗ್ರೌಂಡಿಗೆ ಎಳೆಯುತ್ತೆ. 8 ಗ್ರೌಂಡು, 9ಕ್ಕೆ 12 ವೋಲ್ಟ್ ಬಂದಿರುತ್ತೆ. ಫ್ಲಾಪಿನ ಸ್ಟೆಪರ್ ಮೋಟಾರನ್ನೂ ರಿಲೇನೂ ಇದೇ ಐಸಿ ನಡೆಸೋದು, ಅದಕ್ಕೇ ನಿಮ್ಮಲ್ಲಿ ಎರಡೂ ಒಟ್ಟಿಗೆ ನಿಂತಿದೆ. ಕರೆಂಟ್ ಪೂರ್ತಿ ಕಿತ್ತು ರಿಲೇ ಕಾಯಿಲ್ ಅಳೀರಿ, ನೂರಾರು ಓಮ್ ತೋರಿಸ್ಬೇಕು, ಸೊನ್ನೆ ಹತ್ರ ಬಂದ್ರೆ ಕಾಯಿಲ್ ಶಾರ್ಟ್. ಸ್ಟೆಪರ್ ಮೋಟಾರಿನ ಐದು ವೈರಲ್ಲಿ ಸಾಮಾನ್ಯವಾಗಿ ಕೆಂಪು ಕಾಮನ್ನು, ಅದ್ರಿಂದ ಉಳಿದ ನಾಲ್ಕಕ್ಕೂ ಹೆಚ್ಚುಕಮ್ಮಿ ಒಂದೇ ಓಮ್ ಇರ್ಬೇಕು. ಒಂದು ಮಾತ್ರ ಕಮ್ಮಿ ಬಂದ್ರೆ ಐಸಿ ಸುಟ್ಟಿದ್ದು ಆ ಮೋಟಾರಿಂದ, ಹೊಸ ಐಸಿ ಹಾಕಿದ್ರೂ ಅದೇ ಗತಿ. ಬೋರ್ಡ್ ಹಿಂದುಗಡೆ ತಿರುಗಿಸಿ ನೋಡೋದು ಮರೀಬೇಡಿ, ಎಸಿ ಬೋರ್ಡಲ್ಲಿ ಸತ್ತ ಹಲ್ಲಿ, ಇರುವೆ ಗೂಡು ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

ಇಡೀ ಬೋರ್ಡ್ ಬದಲಾಯಿಸಿ ಅನ್ನೋ ಮಾತು ಕೇಳಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ಒಂದು ಚಿಲ್ಲರೆ ಕಾಸಿನ ಐಸಿಗೋಸ್ಕರ ಸಾವಿರಾರು ರೂಪಾಯಿ ಬೋರ್ಡು ಗುಜರಿಗೆ ಹೋಗೋದು, ಬಿರು ಬೇಸಿಗೇಲಿ ಮನೆಯವ್ರು ಬೋರ್ಡ್ ಬರೋವರೆಗೂ ವಾರಗಟ್ಲೆ ಕಾಯೋದು, ಇದು ನ್ಯಾಯ ಅಲ್ಲ. ಒಂದೇ ಒಂದು ಎಚ್ಚರಿಕೆ: ಆ ಬೋರ್ಡಿನ ಒಂದು ಭಾಗಕ್ಕೆ ನೇರ 230 ವೋಲ್ಟ್ ಬರುತ್ತೆ, ಕರೆಂಟ್ ಇದ್ದಾಗ ಅಳೆಯೋ ಅಭ್ಯಾಸ ಇಲ್ಲದಿದ್ರೆ ಆ ಕೆಲ್ಸಕ್ಕೆ ಗೊತ್ತಿರೋರನ್ನ ಕರೀರಿ.

ಪ್ರಶ್ನೆ: ಒಂದು ಐಸಿಯಲ್ಲಿ ಗುಳಿಯೂ ಇಲ್ಲ, ಚುಕ್ಕೆಯೂ ಇಲ್ಲ. ಒಂದನೇ ಪಿನ್ ಯಾವುದೆಂದು ಹೇಗೆ ತಿಳಿಯುವುದು ಸರ್? ಮತ್ತೆ ಮೂರು ಕಾಲಿನ ರೆಗ್ಯುಲೇಟರಿಗೆಲ್ಲ ಒಂದೇ ಕ್ರಮ ಉಂಟಾ?
(ಮಂಗಳೂರಿನ ಓದುಗರೊಬ್ಬರು)

ಉತ್ತರ: ಅಕ್ಷರ ನೇರವಾಗಿ ಓದೋ ಹಾಗೆ ಹಿಡಿದ್ರೆ ಎಡಗಡೆ ಕೆಳಗಿನ ಕಾಲು ಒಂದನೇದು. ಅಲ್ಲಿಂದ ಗಡಿಯಾರದ ಮುಳ್ಳಿನ ಉಲ್ಟಾ ದಿಕ್ಕಿಗೆ ಎಣಿಸಿ. ಬೋರ್ಡ್ ಮೇಲಿನ ಪ್ಯಾಡಲ್ಲಿ (ಕಾಲು ಬೆಸೆಯೋ ತಾಮ್ರದ ಜಾಗ) ಒಂದು ಮಾತ್ರ ಚೌಕ ಇದ್ರೆ ಅದೂ ಒಂದನೇ ಕಾಲಿನ ಗುರುತು, ಸಣ್ಣ ಐಸಿಗಳಲ್ಲಿ ಒಂದು ಉದ್ದನೇ ಅಂಚು ಓರೆಯಾಗಿ ಸವೆಸಿದ ಹಾಗೆ ಇದ್ರೆ ಒಂದನೇ ಕಾಲು ಆ ಬದಿಗೇ ಇರುತ್ತೆ.

ಮೂರು ಕಾಲಿಂದಕ್ಕೆ ಒಂದೇ ಕ್ರಮ ಇಲ್ಲ. ಬರಹ ನಮ್ಮ ಕಡೆ, ಕಾಲು ಕೆಳಗೆ ಇರೋ ಹಾಗೆ ಹಿಡಿದು ಎಡದಿಂದ ಬಲಕ್ಕೆ ಹೇಳ್ತೀನಿ. 7805, 7812ಕ್ಕೆ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7905ಕ್ಕೆ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಎಲ್‌ಎಂ317ಕ್ಕೆ ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. ಸಣ್ಣ ಟ್ರಾನ್ಸಿಸ್ಟರ್ ತರ ಇರೋ 78ಎಲ್05 ಕ್ರಮ 7805ಕ್ಕೆ ಪೂರ್ತಿ ತಿರುಗುಮುರುಗು, ಔಟ್‌ಪುಟ್, ಗ್ರೌಂಡ್, ಇನ್‌ಪುಟ್. ನಾನು ಕಲೀತಿದ್ದ ಕಾಲ್ದಲ್ಲಿ ಆ ಸಣ್ಣದನ್ನ ದೊಡ್ಡದರ ಹಾಗೇ ಹಾಕಿ ಒಬ್ಬರ ಬೋರ್ಡ್ ಹಾಳು ಮಾಡಿದ್ದೆ, ಅವತ್ತಿಂದ ಡೇಟಾಶೀಟ್ ನೋಡ್ದೇ ಮೂರು ಕಾಲಿಂದು ಏನನ್ನೂ ಮುಟ್ಟಿಲ್ಲ. 7905ರ ತಗಡು ಒಳಗೆ ಇನ್‌ಪುಟ್ಟಿಗೆ ಸೇರಿರುತ್ತೆ, ಅದನ್ನೂ 7805ನ್ನೂ ಒಂದೇ ಹೀಟ್ ಸಿಂಕಿಗೆ ಮೈಕಾ (ಕರೆಂಟ್ ತಡೆಯೋ ತೆಳು ಹಾಳೆ) ಇಲ್ದೇ ಹಾಕಿದ್ರೆ ನೇರ ಶಾರ್ಟ್.

ಪ್ರಶ್ನೆ: ಸರ್, ಸಿಡಿಲು ಹೊಡೆದ ಮಾರನೇ ದಿನದಿಂದ ನಮ್ಮನೆ ಸೆಟ್‌ಟಾಪ್ ಬಾಕ್ಸ್ ಸತ್ತೋಗಿದೆ. ಬಿಚ್ಚಿದ್ರೆ ಪವರ್ ಸಪ್ಲೈ ಹತ್ರ ಎಂಟು ಕಾಲಿನ ಐಸಿ ತೂತು ಬಿದ್ದಿದೆ. ನಂಬರ್ ಬೇಕು ಅಂತ್ಲೇ ಕೆರೆದು ಅಳಿಸಿದ ಹಾಗೆ ಕಾಣ್ತದೆ. ಕಂಡುಹಿಡಿಯೋದು ಹೇಗೆ?
(ಶಿರಸಿ ಕಡೆಯ ಒಬ್ಬ ಓದುಗರು)

ಉತ್ತರ: ಹೆಸರು ಇಲ್ದಿದ್ರೂ ಯಾರ ಜೊತೆ ಒಡನಾಟ ಇದೆ ನೋಡಿ ಗುರುತು ಹಿಡೀಬಹುದು. ಮೊದ್ಲು ದೊಡ್ಡ ಕೆಪಾಸಿಟರ್ ಖಾಲಿ ಮಾಡಿ. 230 ವೋಲ್ಟ್ ಡಿಸಿ ಆದಾಗ ಅದರಲ್ಲಿ 325ರಷ್ಟು ನಿಂತಿರುತ್ತೆ, ಐಸಿ ಸತ್ತಿದ್ರೆ ಅದು ಇಳಿಯೋಕೆ ದಾರಿನೂ ಇರಲ್ಲ. 10 ಕಿಲೋ ಓಮ್, 5 ವಾಟ್ ರೆಸಿಸ್ಟರನ್ನ ಇಕ್ಕಳದಲ್ಲಿ ಹಿಡಿದು ಎರಡು ಕಾಲಿಗೂ ಸ್ವಲ್ಪ ಹೊತ್ತು ಒತ್ತಿ, ಆಮೇಲೆ ಮೀಟರಲ್ಲಿ ಸೊನ್ನೆ ಬಂತಾ ನೋಡ್ಕೊಳಿ. ಸ್ಕ್ರೂಡ್ರೈವರಲ್ಲಿ ಶಾರ್ಟ್ ಮಾಡೋದು ಬೇಡ್ವೇ ಬೇಡ.

ಆಮೇಲೆ ಮೀಟರಿನ ಬೀಪ್ ಮೋಡಲ್ಲಿ ಒಂದೊಂದೇ ಕಾಲು ಎಲ್ಲಿಗೆ ಹೋಗುತ್ತೆ ಅಂತ ಹಾಳೆ ಮೇಲೆ ಬರೀತಾ ಹೋಗಿ. 5, 6, 7, 8 ನಾಲ್ಕೂ ಒಟ್ಟಿಗೆ ಸೇರಿ ಟ್ರಾನ್ಸ್‌ಫಾರ್ಮರಿಗೆ, 1 ಮತ್ತು 2 ಸೇರಿ ದೊಡ್ಡ ಕೆಪಾಸಿಟರಿನ ನೆಗೆಟಿವಿಗೆ, 3ನೇದು ನಾಲ್ಕು ಕಾಲಿನ ಆಪ್ಟೋಕಪ್ಲರಿಗೆ (ಬೆಳಕಿನ ಮೂಲಕ ಸಿಗ್ನಲ್ ದಾಟಿಸೋದು), 4 ಒಂದು ಸಣ್ಣ ಕೆಪಾಸಿಟರಿಗೆ ಹೋಗ್ತಿದ್ರೆ ಅದು ವೈಪರ್12ಎ ಅಥವಾ ವೈಪರ್22ಎ ಅನ್ನೋ ಪವರ್ ಸಪ್ಲೈ ಐಸಿಯ ಜೋಡಣೆ. ಎರಡಕ್ಕೂ ಕಾಲು ಒಂದೇ, 22ಎಗೆ ಶಕ್ತಿ ಜಾಸ್ತಿ, ಉದ್ದ ಕಾಲಿನದ್ದಾದ್ರೆ ನಮ್ಮ 230 ವೋಲ್ಟ್ ಲೈನಲ್ಲಿ 12ಎಗೆ 13 ವಾಟ್, 22ಎಗೆ 20 ವಾಟ್. ಬಾಕ್ಸಿನ ಹಿಂದೆ ಬರೆದಿರೋ ವೋಲ್ಟನ್ನೂ ಆಂಪ್ಸನ್ನೂ ಗುಣಿಸಿ ಯಾವುದು ಅಂತ ನಿರ್ಧಾರ ಮಾಡಿ. ನಕ್ಷೆ ಇದಕ್ಕೆ ಹೊಂದದಿದ್ರೆ ಅಂದಾಜಲ್ಲಿ ಹಾಕ್ಬೇಡಿ, ಅದೇ ಮಾಡೆಲಿನ ಇನ್ನೊಂದು ಕೆಟ್ಟ ಬಾಕ್ಸ್ ಗುಜರೀಲಿ ಸಿಕ್ರೆ ತಂದು ಬಿಚ್ಚಿ, ಎಲ್ಲ ಬ್ಯಾಚಲ್ಲೂ ನಂಬರ್ ಕೆರೆದಿರಲ್ಲ.

ಸಿಡಿಲು ಒಂದನ್ನೇ ಮುರಿದು ಹೋಗಲ್ಲ. ಫ್ಯೂಸು, ನಾಲ್ಕು ಡಯೋಡು, ಆಪ್ಟೋಕಪ್ಲರು, ಅದರಾಚೆ ಇರೋ ಟಿಎಲ್431 (ವೋಲ್ಟೇಜ್ ಹದ್ದುಬಸ್ತಲ್ಲಿಡೋ ಐಸಿ) ಎಲ್ಲ ನೋಡಿ. ಹೊಸ ಐಸಿ ಹಾಕಿ ಮೊದಲ ಸಲ ಕರೆಂಟ್ ಕೊಡುವಾಗ 60 ವಾಟ್ ಹಳೇ ಕಾಲದ ಬಲ್ಬ್ ಸೀರೀಸಲ್ಲಿ ಇರ್ಲಿ, ಎಲ್‌ಇಡಿ ಆಗಲ್ಲ. ಬಲ್ಬ್ ಒಂದ್ಸಲ ಮಿಂಚಿ ಆರಿದ್ರೆ ಒಳ್ಳೇದು, ಉರೀತಾನೇ ನಿಂತ್ರೆ ಇನ್ನೂ ಶಾರ್ಟ್ ಇದೆ, ಆದ್ರೆ ಹೊಸ ಐಸಿ ಉಳ್ಕೊಂಡಿರುತ್ತೆ.

ಪ್ರಶ್ನೆ: ಇಂಡಕ್ಷನ್ ಒಲೆ ಡಿಸ್‌ಪ್ಲೇ ಬರ್ತಿರ್ಲಿಲ್ಲ. ದೊಡ್ಡ ಐಸಿ, ಮೈಕ್ರೋ ಕಂಟ್ರೋಲರ್, ಅದೇ ನಂಬರಿಂದು ಆನ್‌ಲೈನಲ್ಲಿ ತರಿಸಿ ಹಾಕ್ದೆ. ಏನೂ ಇಲ್ಲ. ಮೋಸ ಹೋದ್ನಾ?
(ಮೈಸೂರಿನ ಒಬ್ಬ ಓದುಗರು)

ಉತ್ತರ: ಮೋಸ ಅಲ್ಲ, ಅದು ಖಾಲಿ ಸ್ಲೇಟು. ಆ ಐಸಿ ಒಳಗೆ ಒಲೆ ಕಂಪನಿಯವ್ರು ಬರೆದ ಪ್ರೋಗ್ರಾಂ ಇದ್ರೆ ಮಾತ್ರ ಅದು ನಿಮ್ಮ ಒಲೆಯ ಐಸಿ, ನಂಬರ್ ಒಂದೇ ಆದ ಮಾತ್ರಕ್ಕೆ ಕೆಲ್ಸ ಮಾಡಲ್ಲ. ಅದೇ ಮಾಡೆಲಿನ ಹಳೇ ಬೋರ್ಡಿಂದ ಕಿತ್ತು ಹಾಕ್ಬೇಕು, ಬೇರೆ ದಾರಿ ಇಲ್ಲ. ಹಳೇ ಟಿವಿಗಳ 24ಸಿ08 ತರದ ಮೆಮೊರಿ ಐಸಿಗೂ ಇದೇ ಮಾತು.

ಆದ್ರೆ ನಿಮ್ಮ ಹಳೇ ಐಸಿ ಎಸೆದಿಲ್ಲ ತಾನೇ? ಅದನ್ನೇ ವಾಪಸ್ ಹಾಕಿ 5 ವೋಲ್ಟ್ ಬರ್ತಿದೆಯಾ ಅಳೀರಿ. ಡಿಸ್‌ಪ್ಲೇ ಬರದೇ ಇರೋ ಒಲೆಗಳಲ್ಲಿ ನಾನು ಹೆಚ್ಚಾಗಿ ನೋಡಿದ್ದು ಫ್ಯೂಸ್ ಇಲ್ಲಾ ಸಣ್ಣ ಪವರ್ ಸಪ್ಲೈ ಹೋಗಿರೋದು, ಮೈಕ್ರೋ ಹೋಗಿರೋದು ತೀರಾ ಅಪರೂಪ. ಫ್ಯೂಸ್ ಹೋಗಿದ್ರೆ ಐಜಿಬಿಟಿ (ಒಲೆಯ ಕಾಯಿಲಿಗೆ ಕರೆಂಟ್ ಹರಿಸೋ ದೊಡ್ಡ ಸ್ವಿಚ್ಚು) ಶಾರ್ಟ್ ಇದೆಯಾ ನೋಡಿ, ಬದಲಾಯಿಸೋದಾದ್ರೆ ಅದರ ಗೇಟ್ ನಡೆಸೋ ಡ್ರೈವರ್ ಸರಿ ಇದೆ ಅಂತ ಖಾತ್ರಿ ಮಾಡ್ಕೊಂಡೇ ಹಾಕಿ.

ಪ್ರಶ್ನೆ: ಸರ್, ನಾನು ಡಿಪ್ಲೊಮಾ ಎರಡನೇ ವರ್ಷ. ಐಸಿ ಬಿಚ್ಚೋವಾಗ ಪ್ರತೀ ಸಲ ಟ್ರ್ಯಾಕ್ ಕಿತ್ಕೊಂಡು ಬರುತ್ತೆ. ನನ್ನ ಹತ್ರ 25 ವಾಟ್ ಐರನ್, ಪಂಪ್ ಇದೆ ಅಷ್ಟೇ. ಏನ್ ತಪ್ಪು ಮಾಡ್ತಿದೀನಿ?
(ತುಮಕೂರಿನ ಒಬ್ಬ ವಿದ್ಯಾರ್ಥಿ)

ಉತ್ತರ: ಐಸಿನ ಉಳಿಸೋಕೆ ಹೋಗಿ ಬೋರ್ಡ್ ಕಳ್ಕೊತಿದೀಯ ಕಣಪ್ಪ. ಐಸಿ ಸತ್ತಿದೆ ಅಂತ ಅಳೆದು ಖಾತ್ರಿ ಆಗಿದ್ರೆ ಅದನ್ನ ಇಡಿಯಾಗಿ ತೆಗೆಯೋ ಅಗತ್ಯ ಏನಿದೆ? ಚೂಪು ಕಟ್ಟರಲ್ಲಿ ಒಂದೊಂದೇ ಕಾಲನ್ನ ಮೈ ಹತ್ರ ಕತ್ತರಿಸಿ ಐಸಿ ಮೈ ಎತ್ತಿಬಿಡು, ಉಳಿದ ಕಾಲುಗಳನ್ನ ಒಂದೊಂದಾಗಿ ಬಿಸಿ ಮಾಡಿ ಟ್ವೀಜರಲ್ಲಿ ಎಳಿ, ಆಮೇಲೆ ತೂತನ್ನ ಪಂಪಲ್ಲಿ ಖಾಲಿ ಮಾಡು. ತೆಗೆಯೋಕೆ ಮುಂಚೆ ಗುಳಿ ಯಾವ್ ಕಡೆ ಇತ್ತು ಅಂತ ಮೊಬೈಲಲ್ಲಿ ಫೋಟೋ ಹೊಡ್ಕೊ.

ಇನ್ನೊಂದು ಕಾರಣ ಬೆಸುಗೆಯದ್ದೇ. ನಾವು ಬಳಸೋ ಸೀಸ ಇರೋ ವೈರ್ 183ರಿಂದ 190 ಡಿಗ್ರಿಗೆ ಕರಗುತ್ತೆ, ಕಂಪನಿಯಿಂದ ಬರೋ ಈಗಿನ ಬೋರ್ಡುಗಳಲ್ಲಿ ಸೀಸ ಇಲ್ಲದ್ದು ಹಾಕಿರ್ತಾರೆ, ಅದಕ್ಕೆ 217 ದಾಟ್ಬೇಕು. 25 ವಾಟ್ ಐರನ್ ಅದನ್ನ ಕರಗಿಸೋಕೆ ಒದ್ದಾಡುತ್ತೆ, ನೀನು ಒತ್ತಿ ಹಿಡಿದೇ ಇರ್ತೀಯ, ಅಷ್ಟ್ರಲ್ಲಿ ಪ್ಯಾಡಿನ ಅಂಟು ಬಿಡುತ್ತೆ. ಹಾಗಿದ್ದಾಗ ಮೊದ್ಲು ನಿನ್ನ ಸೀಸದ ವೈರನ್ನೇ ಸ್ವಲ್ಪ ಕಾಲಿನ ಮೇಲೆ ಕರಗಿಸಿ ಸೇರಿಸು, ಎರಡೂ ಬೆರೆತು ಕಮ್ಮಿ ಬಿಸಿಗೇ ನೀರಾಗುತ್ತೆ, ಆಗ ಪಂಪ್ ಎಳಿ. ಒಂದು ಕಾಲಿಗೆ ಮೂರು ಸೆಕೆಂಡಿಗಿಂತ ಜಾಸ್ತಿ ಹಿಡೀಬೇಡ, ಆಗ್ಲಿಲ್ವಾ, ಬಿಟ್ಟು ಮುಂದಿನ ಕಾಲಿಗೆ ಹೋಗು, ಅದು ತಣ್ಣಗಾದ್ಮೇಲೆ ವಾಪಸ್ ಬಾ. ಗ್ರೌಂಡ್ ಕಾಲು ಯಾವಾಗ್ಲೂ ಹಟ ಮಾಡುತ್ತೆ, ಅಲ್ಲಿ ತಾಮ್ರ ಅಗಲ ಇರೋದ್ರಿಂದ ಬಿಸಿ ಹರಿದು ಹೋಗುತ್ತೆ, ಅದನ್ನ ಕೊನೆಗಿಟ್ಕೊ.

ಹೊಸದನ್ನ ನೇರ ಬೆಸೆಯೋ ಬದ್ಲು ಐಸಿ ಬೇಸ್ (ಸಾಕೆಟ್) ಬೆಸೆದು ಅದರಲ್ಲಿ ಕೂರಿಸು, ಮುಂದಿನ ಸಲ ಐರನ್ನೇ ಬೇಕಾಗಲ್ಲ. ಬಿಸಿ ಆಗೋ ಪವರ್ ಐಸಿಗೆ ಮಾತ್ರ ಬೇಸ್ ಬೇಡ. ಈಗಾಗ್ಲೇ ಕಿತ್ತೋಗಿರೋ ಟ್ರ್ಯಾಕಿಗೆ ಯೋಚ್ನೆ ಮಾಡ್ಬೇಡ, ಟ್ರ್ಯಾಕ್ ಮುಂದೆ ಎಲ್ಲಿಗೆ ಹೋಗುತ್ತೋ ಅಲ್ಲಿ ಹಸಿರು ಬಣ್ಣ ಸ್ವಲ್ಪ ಕೆರೆದು ಒಂದು ತೆಳು ತಾಮ್ರದ ಎಳೆ ಬೆಸೆದು ಕಾಲಿಗೆ ಸೇರಿಸು, ಆಮೇಲೆ ಬೀಪ್ ಮೋಡಲ್ಲಿ ಪಕ್ಕದ ಕಾಲಿಗೆ ಶಾರ್ಟ್ ಆಗಿಲ್ಲ ಅಂತ ನೋಡ್ಕೊಂಡು ಕರೆಂಟ್ ಕೊಡು.